ಹೆದರಿಕೆಯ ಕರೆಂಟು

ಆರ್ಡರುಗಳು ಕಮ್ಮಿಯಾಗಿ ಕರೆಂಟು ಬಿಲ್ಲು ಕಟ್ಟಲಾಗದ ವರ್ಷದಿಂದ ಮದ್ದೂರಿನ ಆ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಿಷನ್ನುಗಳು ಹೆಂಗಸರ ಹೆದರಿಕೆಯಿಂದಲೇ ಓಡುತ್ತಿದ್ದವು. ಮಣಿಕಟ್ಟಿಗೆ ಸಿಕ್ಕಿಸಿದ ವೈರು ಎದೆಯ ನಡುಕವನ್ನೆಲ್ಲ ಹೀರಿ ಕರೆಂಟು ಮಾಡುತ್ತಿತ್ತು. ಸೂಪರ್‌ವೈಸರ್ ಲೋಕೇಶಪ್ಪನಿಗೆ ಇದ್ದದ್ದು ಒಂದೇ ಕೆಲಸ. ಕೆಲಸದಿಂದ ತೆಗೆಯುವವರ ಪಟ್ಟಿ ಇದರಲ್ಲಿದೆ ಎಂದು ದಿನಾ ಬೆಳಿಗ್ಗೆ ಒಂದು ಕವರು ಬೀಸುತ್ತ ಸಾಲುಗಳ ನಡುವೆ ಓಡಾಡುವುದು. ಅಷ್ಟಕ್ಕೇ ಅವನಿಗೆ ಅಷ್ಟು ಗತ್ತು.

ಕಾಲರ್ ಹೊಲಿಯುವ ಪುಟ್ಟಗೌರಿ ಇವತ್ತು ಕವರಿನ ಮೂಲೆಯ ಟೀ ಕಲೆ ನೋಡಿದಳು. ಹೋದ ಯುಗಾದಿಯಲ್ಲಿ ಅವಳ ಕೈಯಿಂದಲೇ ಚೆಲ್ಲಿದ ಟೀ ಅದು. ಅಂದಿನಿಂದ ಇಂದಿನವರೆಗೆ ಅದೇ ಕವರು, ಒಡೆದಿರಲೂ ಇಲ್ಲ. ಹೆದರುವುದಕ್ಕೆ ಏನೂ ಉಳಿಯದೆ ಅವಳ ಮಿಷನ್ನು ನಿಂತಿತು. ಪಕ್ಕದವಳಿಗೆ ಹೇಳಿದಳು. ನೋಡನೋಡುತ್ತ ಸಾಲಿಗೆ ಸಾಲೇ ನಿಂತಿತು.

ಲೋಕೇಶಪ್ಪ ಓಡಿ ಬಂದ. "ಯಾಕಮ್ಮ, ಕೆಲ್ಸ ಬ್ಯಾಡ್ವಾ?"

"ಆ ಕವರ್ ಒಡೆದು ಒಂದ್ಸಲ ಓದಿ ಸಾರ್," ಎಂದಳು ಪುಟ್ಟಗೌರಿ.

ಅವನು ಕವರನ್ನು ಬೆನ್ನ ಹಿಂದೆ ಸರಿಸಿದ. "ವಸಿ ಹೆದ್ರುಕೊಳಿ ತಾಯಿ. ಲೈನ್ ನಿಂತ್ರೆ ಓನರು ನನ್ನೇ ಮನೆಗೆ ಕಳಿಸ್ಬುಡ್ತಾರೆ."

ಪುಟ್ಟಗೌರಿ ತನ್ನ ವೈರು ಬಿಚ್ಚಿ ಅವನ ಮಣಿಕಟ್ಟಿಗೆ ಸಿಕ್ಕಿಸಿದಳು. ಅವನೊಬ್ಬನ ಹೆದರಿಕೆಗೇ ಸಾಲಿನ ನಲವತ್ತು ಮಿಷನ್ನೂ ಒಟ್ಟಿಗೆ ಗುಂಯ್‌ಗುಟ್ಟಿದವು.

"ಹಿಂಗೇ ನಿಂತ್ಕಂಡಿರಿ ಸಾರ್," ಎಂದು ಅವಳು ಮುಂದಿನ ಕಾಲರ್ ಎಳೆದುಕೊಂಡಳು. "ಊಟದ ಬೆಲ್ಲು ಹೊಡಿಯೋವರ್ಗೂ ಸಾಕಾಯ್ತದೆ."