ಇಂಚರಳ ಭಾನುವಾರ

ಭಾನುವಾರವಿಡೀ ಗಿರಿಜೆ ತನ್ನ ಅಕ್ಕ ರೋಹಿಣಿಯ ಮಗಳು ಇಂಚರಳ ಜೊತೆ ಕೂತು ವಾಟರ್ ಕಲರ್‌ನಲ್ಲಿ ಚಿತ್ರ ಬರೆದಳು. ಬ್ರಷ್ ತೊಳೆದ ನೀರನ್ನು ಮಗು ಗಿರಿಜೆಯ ಸೀರೆ ಮೇಲೆ ಚೆಲ್ಲಿದಾಗ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮರುದಿನ ಗಿರಿಜೆ ಬಂದಾಗ ಇಂಚರ ಓಡಿಬಂದಳು. "ಚಿಕ್ಕಮ್ಮಾ, ನಿನ್ನೆ ಅಮ್ಮನ ಸೀರೆ ಮೇಲೆಲ್ಲ ಬಣ್ಣದ ನೀರು ಚೆಲ್ಲಿಬಿಟ್ಟೆ! ನೀನೂ ಇರಬೇಕಿತ್ತು."

ಗಿರಿಜೆ ಅಕ್ಕನತ್ತ ತಿರುಗಿದಳು.

"ಬೆಳಿಗ್ಗೆ ಕ್ಲಿನಿಕ್‌ಗೆ ಕರ್ಕೊಂಡು ಹೋಗಿ ಅವಳ ನೆನಪು ತಿದ್ದಿಸಿಕೊಂಡು ಬಂದೆ ಕಣೇ," ಎಂದಳು ರೋಹಿಣಿ ದನಿ ತಗ್ಗಿಸಿ. "ಈಗ ಎಲ್ಲರೂ ಮಾಡಿಸ್ತಾರೆ. ನನಗೆ ರಜೆಯೇ ಸಿಗಲ್ಲ. ನನ್ನ ಜೊತೆ ಕಳೆದ ಒಂದು ಒಳ್ಳೆ ದಿನವಾದರೂ ಅವಳಿಗೆ ಬೇಡವಾ?"

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ದರೆ ನಿನ್ನ ಭಾನುವಾರಾನ ನನಗೆ ಕೊಡ್ತಿದ್ದೆಯಾ?"

ಇಂಚರ ಗಿರಿಜೆಯ ಕೈ ಹಿಡಿದೆಳೆದಳು.

"ಚಿಕ್ಕಮ್ಮಾ, ನಿನಗೆ ಚಿತ್ರ ಬರೆಯೋಕೆ ಬರುತ್ತಾ? ಬರದಿದ್ದರೆ ಅಮ್ಮ ಹೇಳಿಕೊಡ್ತಾಳೆ, ಬಾ."