ಗುಡ್ಡದ ಮೇಲಿನ ಎರಡು ಚುಕ್ಕೆ

ಜನಗಣತಿ ಕಚೇರಿಯಲ್ಲಿ ಚಹಾ ಕೊಡುವ ನೀಲವ್ವ ಸ್ಟೂಲಿನ ಮೇಲೆ ಕೂತು ಸದ್ದಿಲ್ಲದೆ ಚಹಾದ ಲೋಟಗಳನ್ನು ಒರೆಸುತ್ತಿದ್ದಳು. ಎದುರಿನ ಕಂಪ್ಯೂಟರ್ ಪರದೆಯ ನಕಾಶೆಯಲ್ಲಿ ಊರಿನ ಒಬ್ಬೊಬ್ಬರೂ ತಂತಮ್ಮ ಮನೆಯ ಜಾಗದಲ್ಲಿ ಚುಕ್ಕೆಯಾಗಿ ಹೊಳೆಯುತ್ತಿದ್ದರು. ಚುಕ್ಕೆ ಅಳಿಸಿದರೆ ಆ ಮನುಷ್ಯ ಮತ್ತೆ ಯಾರಿಗೂ ಕಾಣುವುದಿಲ್ಲ, ಕೇಳಿಸುವುದಿಲ್ಲ. ಊರಿಗೆ ಅದು ರೂಢಿಯಾಗಿತ್ತು.

“ಗುಡ್ಡದ ಮ್ಯಾಲ ಎರಡೇ ಚುಕ್ಕಿ! ನಕಾಶಿ ಮುಖಕ್ಕ ಮೊಡವಿ ಎದ್ದಂಗ ಕಾಣ್ತಾವ,” ಎಂದು ಜನಸಂಖ್ಯೆಯ ಸಂಶೋಧಕಿ ವಾರಿಜಾ ನಕ್ಕರು.

“ತಪ್ಪಿ ಬಿದ್ದಿರಬೇಕು, ತಗದ್ಬಿಡ್ರಿ ಅಕ್ಕಾರ,” ಎಂದ ಜೊತೆಗಾರ ಮುರಿಗೆಪ್ಪ.

ಗುಡ್ಡದ ಮೇಲಿದ್ದವರು ನೀಲವ್ವ ಮತ್ತು ಅವಳ ಅವ್ವ, ಇಬ್ಬರೇ. ಓದಿದವರ ಎದುರು ಬಾಯಿಬಿಡಲು ಅವಳಿಗೆ ಸಂಕೋಚ. ಧೈರ್ಯ ತಂದುಕೊಳ್ಳುವಷ್ಟರಲ್ಲಿ ವಾರಿಜಾ ಎರಡೂ ಚುಕ್ಕೆ ಅಳಿಸಿದರು; ನಕಾಶೆಯ ಗುಡ್ಡ ಖಾಲಿಯಾಯಿತು.

ಮುರಿಗೆಪ್ಪ ಎದ್ದು ಬಂದು, ಖಾಲಿ ಸ್ಟೂಲಿನ ಮೇಲಿಡುವವನಂತೆ ತನ್ನ ಚೀಲವನ್ನು ಅವಳ ತೊಡೆಯ ಮೇಲಿಟ್ಟ.

“ಅಕ್ಕಾರ, ನಮ್ಮವ್ವನ ಚುಕ್ಕಿನಾದ್ರೂ ತಿರುಗಿ ಇಡ್ರಿ,” ಎಂದಳು ನೀಲವ್ವ.