ವಾಲ್ಟರನ ಬಲಗೈ

"ಮುಖ ಬೇಡ, ಕೈ ಮಾತ್ರ ಸಾಕು," ಎಂದು ಯಜ್ಞೇಶ್ವರರು ಬಲಗೈಯನ್ನು ಮೇಜಿನ ಮೇಲೆ ಚಾಚಿದರು. ಸ್ಟುಡಿಯೋದ ಮಿದ್ಲಾಜ್ ಎತ್ತಿದ ಕ್ಯಾಮೆರಾವನ್ನು ಹಾಗೇ ಕೆಳಗಿಳಿಸಿದ. ಪುತ್ತೂರಿನಲ್ಲಿ ಪಾಸ್‌ಪೋರ್ಟಿಗೆ, ಮದುವೆಗೆ, ಶ್ರದ್ಧಾಂಜಲಿಗೆ ಎಂದು ಎಷ್ಟೋ ಮುಖ ಕಂಡವನು ಅವನು. ಬರೀ ಕೈ ತೆಗೆಸಲು ರಾಮಕುಂಜದಿಂದ ಬಸ್ಸು ಹತ್ತಿ ಬಂದವರು ಇವರೇ ಮೊದಲು.

"ಇನ್ಶೂರೆನ್ಸಿಗಾ ಯಜ್ಞಣ್ಣ? ಪೆಟ್ಟು ಆಯ್ತಾ?"

"ಪೆಟ್ಟೂ ಇಲ್ಲ, ಎಂತದೂ ಇಲ್ಲ ಮಾರಾಯ. ಒಂದು ಸಂಘಕ್ಕೆ ಕಳಿಸ್ಲಿಕ್ಕೆ ಉಂಟು. ತೆಗೆದ ಮೇಲೆ ಬಿಳಿ ಮಾಡು. ಮದುಮಗಳ ಫೋಟೋಕ್ಕೆ ಮಾಡ್ತಿಯಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿ."

ಯಾವ ಸಂಘವೆಂದು ಕೇಳದೆ ಮಿದ್ಲಾಜ್ ಬಿಡುವವನಲ್ಲ, ಹೇಳದೆ ಯಜ್ಞೇಶ್ವರರು ಇರುವವರಲ್ಲ. ಅದು ಮೊಬೈಲಿನೊಳಗಿನ ಸಂಘ, ಸಮುದ್ರದಾಚೆಯ ಬಿಳಿಯರದ್ದು. ದೇಶವೆಲ್ಲ ತಮ್ಮದೊಂದೇ ಬಣ್ಣದಲ್ಲಿರಬೇಕು, ಬೇರೆ ಬಣ್ಣದವರು ಗಂಟುಮೂಟೆ ಕಟ್ಟಬೇಕು ಎಂಬುದು ಅವರ ಏಕೈಕ ಕಾರ್ಯಕ್ರಮ. ಅಲ್ಲಿ ಯಜ್ಞೇಶ್ವರರ ಹೆಸರು ವಾಲ್ಟರ್. ಮುಖ ಇರಬೇಕಾದಲ್ಲಿ ಹಿಮದ ಬೆಟ್ಟದ ಚಿತ್ರ.

"ಅವರು ನಿಮ್ಮನ್ನು ಹೇಗೆ ಸೇರಿಸಿದ್ರು?"

"ನಾನು ಬಿಳಿಯ ಅಂತ ಅವರೇ ಗ್ರಹಿಸಿದ್ದು. ನಾನೇನೂ ಹೇಳ್ಲಿಲ್ಲ."

ಸಂಗತಿ ಇಷ್ಟೆ. ಊರಿನ ಹಾಲಿನ ಸೊಸೈಟಿಗೆ ಬಹಳ ಕಾಲ ಇವರೇ ಅಧ್ಯಕ್ಷರಾಗಿದ್ದರು. ಇವರು ಮಾತಾಡಲು ಎದ್ದರೆ ಯಾರೂ ಕೆಮ್ಮುತ್ತಲೂ ಇರಲಿಲ್ಲ. ಕಳೆದ ಚುನಾವಣೆಯಲ್ಲಿ, ದಿನಾ ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ ಕಮಲಾವತಿ ಸ್ಪರ್ಧಿಸಿದರು, ಗೆದ್ದರು, ಅದೇ ಕುರ್ಚಿಯಲ್ಲಿ ಕೂತರು. ಊರೆಲ್ಲ ಚಪ್ಪಾಳೆ ತಟ್ಟಿತು. ಯಜ್ಞೇಶ್ವರರ ಸ್ವಂತ ಹೆಂಡತಿ ಪರಮೇಶ್ವರಿಯೇ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅದೇ ವಾರ ಮೊಬೈಲಿನಲ್ಲಿ ಯಾವನೋ ಬಿಳಿಯ ಗೋಳಾಡುತ್ತಿದ್ದ: ಕಾಲ ಕೆಟ್ಟಿತು, ನಿನ್ನೆ ಮೊನ್ನೆ ಬಾಗಿಲ ಹೊರಗಿದ್ದವರು ಇಂದು ನಮ್ಮ ಕುರ್ಚಿಯಲ್ಲಿ ಕೂತಿದ್ದಾರೆ. ಓದುತ್ತಾ ಯಜ್ಞೇಶ್ವರರ ಕಣ್ಣು ತುಂಬಿ ಬಂತು. ಇದು ನಮ್ಮ ಸೊಸೈಟಿಯ ಸಮಾಚಾರವೇ ಅಲ್ಲವೇ! ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ ಉತ್ತರ ಬರೆದರು. "ಸರಿಯಾಗಿ ಹೇಳಿದೆ ವಾಲ್ಟರ್," ಎಂದು ಆ ಕಡೆಯಿಂದ ಶಹಬ್ಬಾಸ್ ಬಂತು. ಊರಿನಲ್ಲಿ ಅಂಥದ್ದೊಂದು ಮಾತು ಕೇಳಿ ತುಂಬ ದಿನವಾಗಿತ್ತು.

"ಮತ್ತೆ ಈಗ ಕೈ ಎಂತಕ್ಕೆ?"

"ಸಂಘದ ಒಳಗೆ ಹೊರಗಿನವರು ನುಸುಳಿದ್ದಾರೆ ಅಂತ ಗುಮಾನಿ. ಸಂಜೆ ಒಳಗೆ ಎಲ್ಲರೂ ಕೈ ತೋರಿಸ್ಬೇಕು. ಇಲ್ಲದಿದ್ರೆ ತೆಗೆದು ಹಾಕ್ತಾರೆ."

"ಈ ಗುಮಾನಿ ಮೊದಲು ಯಾರಿಗೆ ಬಂದದ್ದು?"

ಯಜ್ಞೇಶ್ವರರು ಗಂಟಲು ಸರಿ ಮಾಡಿಕೊಂಡರು. "ನಾನೇ ಹೇಳಿದ್ದು."

ಮಿದ್ಲಾಜ್ ನಗು ತಡೆಯಲಾರದೆ ಕ್ಯಾಮೆರಾದ ಹಿಂದೆ ಅಡಗಿದ. "ತೆಗೆದು ಹಾಕಿದ್ರೆ ಹಾಕ್ಲಿ ಬಿಡಿ ಅಣ್ಣ. ಬನ್ನಿ, ಚಾ ಕುಡಿಯುವ."

"ಹಾಗೆ ಹೇಳ್ಬೇಡ ಮಾರಾಯ. ನಾನು ಹೇಳುದನ್ನು ಕೇಳ್ಲಿಕ್ಕೆ ಬೇರೆ ಯಾರಿದ್ದಾರೆ ಈಗ?"

ಆ ಮಾತು ಕೇಳಿ ಅವನಿಗೆ ಪಾಪ ಅನ್ನಿಸಿತು. ಫೋಟೋ ತೆಗೆದು ಕಂಪ್ಯೂಟರಿನ ಮುಂದೆ ಕೂತ. ಕೈ ಮೊದಲು ಗೋಧಿಬಣ್ಣಕ್ಕೆ ಬಂತು, ಆಮೇಲೆ ಹಾಲಿನ ಹಾಗಾಯಿತು. ಅಡಿಕೆ ಸುಲಿದು ಕಪ್ಪಾದ ಹೆಬ್ಬೆರಳಿನ ಉಗುರು ಗುಲಾಬಿಯಾಯಿತು. ಮಣಿಕಟ್ಟಿನಲ್ಲಿದ್ದ ದೇವಸ್ಥಾನದ ನೂಲಿನ ಹತ್ತಿರ ಬಂದಾಗ ಅವನ ಕೈ ನಿಂತಿತು.

"ಇದನ್ನೂ ತೆಗಿಬೇಕಾ?"

"ತೆಗಿ. ಫೋಟೋದಿಂದ ಮಾತ್ರ," ಎನ್ನುತ್ತಾ ಯಜ್ಞೇಶ್ವರರು, ಯಾರೋ ಈಗಲೇ ಕತ್ತರಿ ಹಾಕಲು ಬಂದಂತೆ ಎಡಗೈಯಿಂದ ನೂಲನ್ನು ಮುಚ್ಚಿ ಹಿಡಿದರು.

ಫೋಟೋ ಸಂಘಕ್ಕೆ ಹೋಯಿತು. ಪಕ್ಕದ ಹೋಟೆಲಿನಿಂದ ಚಾ ಬಂತು. ಯಜ್ಞೇಶ್ವರರು ಚಾ ಮುಟ್ಟದೆ ಮೊಬೈಲನ್ನೇ ನೋಡುತ್ತಾ ಕೂತರು. ಕೊನೆಗೆ ಅದು ಸದ್ದು ಮಾಡಿದಾಗ ಅವರ ಮುಖ, ಏನೂ ತಿದ್ದದೆಯೇ, ಬೆಳಗಿತು.

"ಪಾಸ್! 'ವಾಲ್ಟರ್, ಇನ್ನು ನೀನು ನಮ್ಮವನು' ಅಂತ ಬರೆದಿದ್ದಾರೆ."

"ಕೆಳಗೆ ಇನ್ನೂ ಎಂತದೋ ಉಂಟಲ್ಲ?"

ಯಜ್ಞೇಶ್ವರರು ಮೊಬೈಲನ್ನು ದೂರ ಹಿಡಿದು ಓದಿದರು. ನಮ್ಮವರಾದವರೆಲ್ಲ ತಮ್ಮ ತಮ್ಮ ಊರಿನ ವರದಿ ಕೊಡಬೇಕು. ನಿನ್ನ ಊರಿಗೂ ಇಂಡಿಯಾದವರು ಬಂದು ಸೇರಿಕೊಂಡಿದ್ದಾರೆಯೇ? ಎಷ್ಟು ಮಂದಿ ಇದ್ದಾರೆ?

ಅವರು ಬಾಗಿಲಿನಿಂದ ಹೊರಗೆ ನೋಡಿದರು. ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಕಡಬದ ಬಸ್ಸಿನಿಂದ ಜನ ಇಳಿಯುತ್ತಿದ್ದರು. ಇಳಿದವರಲ್ಲಿ ಕೆಲವರು ಓಡಿಹೋಗಿ ಸುಳ್ಯದ ಬಸ್ಸು ಹತ್ತುತ್ತಿದ್ದರು.

"ನನ್ನನ್ನೂ ಲೆಕ್ಕಕ್ಕೆ ಹಿಡೀರಿ ಅಣ್ಣ, ಬಿಡ್ಬೇಡಿ," ಎಂದ ಮಿದ್ಲಾಜ್.

ಯಜ್ಞೇಶ್ವರರು ನಗಲಿಲ್ಲ. ಎರಡು ನಿಮಿಷ ಹುಬ್ಬು ಗಂಟಿಕ್ಕಿ ಟೈಪ್ ಮಾಡಿದರು, ಕಳಿಸಿದರು, ತಣ್ಣಗಾದ ಚಾ ಎತ್ತಿಕೊಂಡರು.

"ಎಂತ ಬರೆದ್ರಿ?"

"'ಎಲ್ಲಿ ನೋಡಿದ್ರೂ ಅವರೇ. ನಮ್ಮಂಥವರಿಗೆ ಇಲ್ಲಿ ಉಳಿಗಾಲ ಇಲ್ಲ' ಅಂತ ಬರೆದೆ."